ಕೈಗಡಿಯಾರ ಮತ್ತು ನೀರು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಗಡಿಯಾರದ ಒಳಗೆ ನೀರು ಸೇರುವ ವಿಷಯವನ್ನೇ ಕುರಿತಿದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಗಡಿಯಾರದ ಹಿಂಬದಿಯಲ್ಲಿ ‘ವಾಟರ್ ರೆಸಿಸ್ಟೆಂಟ್ 30 ಮೀಟರ್’ ಎಂದು ಕೊರೆದಿದೆ. ಆದರೆ ಅದನ್ನು ಕಟ್ಟಿಕೊಂಡು ಸ್ನಾನ ಮಾಡಬಾರದು ಎಂದು ಅಂಗಡಿಯವರು ಹೇಳುತ್ತಾರೆ. ಮೂವತ್ತು ಮೀಟರ್ ಆಳ ತಾಳುವ ವಸ್ತು ಒಂದು ಬಕೆಟ್ ನೀರಿಗೆ ಹೆದರಬೇಕೇ?
— ಶಿಕ್ಷಕಿ, ಸಾಗರ

ಉತ್ತರ: ಅಂಗಡಿಯವರ ಸಲಹೆ ಸರಿಯಾಗಿದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣ ಸರಿಯಲ್ಲ. ಕೈ ಬೀಸಿದಾಗ ಅಥವಾ ನಲ್ಲಿಯ ಕೆಳಗೆ ಹಿಡಿದಾಗ ಒತ್ತಡ ವಿಪರೀತ ಹೆಚ್ಚುತ್ತದೆ ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಲೆಕ್ಕ ಹಾಕಿ ನೋಡಿದರೆ ಅದು ನಿಲ್ಲುವುದಿಲ್ಲ. ಈಜುವಾಗ ಕೈ ನೀರಿನಲ್ಲಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಚಲಿಸಿತು ಎಂದೇ ಇಟ್ಟುಕೊಂಡರೂ, ಆ ಚಲನೆಯಿಂದ ಸೇರುವ ಒತ್ತಡ ಸುಮಾರು 0.125 ಬಾರ್, ಅಂದರೆ ಒಂದೂಕಾಲು ಮೀಟರ್ ಆಳದ ನೀರಿನ ಒತ್ತಡದಷ್ಟು ಮಾತ್ರ. ನಿಮ್ಮ ಮನೆಯ ಟ್ಯಾಂಕ್ ನಲ್ಲಿಗಿಂತ 6 ಮೀಟರ್ ಮೇಲಿದ್ದರೆ ಆ ನಲ್ಲಿ ಕೊಡಬಲ್ಲ ಒತ್ತಡ ಹೆಚ್ಚೆಂದರೆ 0.6 ಬಾರ್. 30 ಮೀಟರ್ ಎಂಬ ಗುರುತು ಸೂಚಿಸುವುದು 3 ಬಾರ್ ಒತ್ತಡವನ್ನು.

ನಿಜವಾದ ಕಾರಣ ಆ ಗುರುತು ಹೇಗೆ ದೊರೆಯಿತು ಎಂಬುದರಲ್ಲಿದೆ. ಸಾಮಾನ್ಯ ಬಳಕೆಯ ಗಡಿಯಾರಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ 2010ರಲ್ಲಿ ಬಂದ ಐಎಸ್‌ಒ 22810. ಅದಕ್ಕೂ ಮೊದಲು ಐಎಸ್‌ಒ 2281 ಇತ್ತು. ಈಗಿನ ಮಾನದಂಡದ ಪ್ರಕಾರ ಗಡಿಯಾರವನ್ನು ನೀರಿನ ಪಾತ್ರೆಯಲ್ಲಿಟ್ಟು ಒಂದು ನಿಮಿಷದೊಳಗೆ ನಿಗದಿತ ಒತ್ತಡಕ್ಕೆ ಏರಿಸಿ, 10 ನಿಮಿಷ ಹಾಗೆಯೇ ಇರಿಸಿ, ಮತ್ತೆ ಇಳಿಸಲಾಗುತ್ತದೆ. ಇದಲ್ಲದೆ 10 ಸೆಂಟಿಮೀಟರ್ ಆಳದ ನೀರಿನಲ್ಲಿ ಒಂದು ಗಂಟೆ ಇಡುವ, ಪಕ್ಕದ ಕೀ ಗುಂಡಿಯನ್ನು ಅಡ್ಡಲಾಗಿ ಒತ್ತಿಹಿಡಿಯುವ, 40 ಡಿಗ್ರಿ ಮತ್ತು 20 ಡಿಗ್ರಿ ಸೆಲ್ಸಿಯಸ್ ನೀರಿನ ನಡುವೆ ಬದಲಿಸುವ ಪರೀಕ್ಷೆಗಳೂ ಇವೆ. ಇವೆಲ್ಲವನ್ನೂ ಹೊಸ ಗಡಿಯಾರದ ಮೇಲೆ, ಶುದ್ಧ ನೀರಿನಲ್ಲಿ, ಒಟ್ಟಿಗೆ ತಯಾರಾದ ಗಡಿಯಾರಗಳಿಂದ ಆರಿಸಿದ ಕೆಲವು ಮಾದರಿಗಳ ಮೇಲೆ ನಡೆಸಿದರೂ ಮಾನದಂಡಕ್ಕೆ ಸಾಕು. ನಿಮ್ಮ ಕೈಯಲ್ಲಿರುವ ಗಡಿಯಾರವನ್ನೇ ಯಂತ್ರದಲ್ಲಿಟ್ಟು ನೋಡಿದ್ದಾರೆ ಎಂಬ ಭರವಸೆ ಆ ಗುರುತಿನಲ್ಲಿ ಇಲ್ಲ. ನಾಲ್ಕು ವರ್ಷ ಬೆವರು, ಸಾಬೂನು, ಬಿಸಿಲು ಕಂಡ ಬಳಿಕವೂ ಅದೇ ಸಾಮರ್ಥ್ಯ ಉಳಿದಿರುತ್ತದೆ ಎಂಬ ಭರವಸೆಯಂತೂ ಇಲ್ಲವೇ ಇಲ್ಲ.

ಸ್ನಾನಕ್ಕೆ ಇನ್ನೊಂದು ಅಪಾಯ ಸೇರುತ್ತದೆ. ಬಿಸಿನೀರಿನಲ್ಲಿ 45 ಡಿಗ್ರಿಗೆ ಕಾದ ಗಡಿಯಾರದ ಒಳಗಿನ ಗಾಳಿ ಮತ್ತೆ 25 ಡಿಗ್ರಿಗೆ ಇಳಿದಾಗ ಒಳ ಒತ್ತಡ ಶೇಕಡಾ ಆರರಷ್ಟು ಕುಸಿಯುತ್ತದೆ. ಆ ಹೊತ್ತಿನಲ್ಲಿ ಎಲ್ಲಾದರೂ ಸಣ್ಣ ಸಂದಿದ್ದರೆ ಹೊರಗಿನ ತೇವವನ್ನು ಗಡಿಯಾರವೇ ಒಳಗೆ ಎಳೆದುಕೊಳ್ಳುತ್ತದೆ. ಸಾಬೂನಿನ ನೀರಿನ ಮೇಲ್ಮೈ ಸೆಳೆತ ಕಡಿಮೆಯಾದ್ದರಿಂದ, ಬರಿಯ ನೀರು ನುಗ್ಗಲಾರದ ಸಂದಿಯಲ್ಲಿ ಅದು ನುಗ್ಗುತ್ತದೆ. ಆದ್ದರಿಂದ 30 ಮೀಟರ್ ಗಡಿಯಾರವನ್ನು ಕೈ ತೊಳೆಯಲು, ಮಳೆಯಲ್ಲಿ ನಡೆಯಲು ಧೈರ್ಯವಾಗಿ ಬಳಸಿ, ಸ್ನಾನಕ್ಕೆ ಬಿಚ್ಚಿಡಿ. ಈಜುವವರು 100 ಮೀಟರ್ ಗುರುತಿನದ್ದನ್ನು ಕೊಳ್ಳುವುದು ಒಳ್ಳೆಯದು. ನೀರಿನ ಒತ್ತಡ ಅಷ್ಟಿರುತ್ತದೆ ಎಂಬ ಕಾರಣಕ್ಕಲ್ಲ. ಅಂಥ ಗಡಿಯಾರದ ಕವಚ, ಗಾಜು, ರಬ್ಬರ್ ಉಂಗುರ ಎಲ್ಲವೂ ದಪ್ಪನಾಗಿದ್ದು, ವಯಸ್ಸಾದ ಮೇಲೂ ಒಂದಿಷ್ಟು ಸಾಮರ್ಥ್ಯ ಉಳಿದಿರುತ್ತದೆ ಎಂಬ ಕಾರಣಕ್ಕೆ.

ಪ್ರಶ್ನೆ: ಜುಲೈ ತಿಂಗಳಲ್ಲಿ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿದೆ. ಅಂದಿನಿಂದ ಕಚೇರಿಯ ಎ.ಸಿ. ಕೋಣೆಗೆ ಹೋದೊಡನೆ ಗಾಜಿನ ಒಳಮೈಯಲ್ಲಿ ಮಂಜು ಕಟ್ಟುತ್ತದೆ, ಹೊರಗೆ ಬಂದರೆ ಮಾಯವಾಗುತ್ತದೆ. ನೀರಿಗೆ ಒಮ್ಮೆಯೂ ತಾಗಿಸಿಲ್ಲ. ಅಂಗಡಿಯವರು ಹೊಸ ಗಾಜು ಹಾಕಬೇಕು ಎನ್ನುತ್ತಾರೆ.
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಗಾಜಿಗೆ ಹಣ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಕರಾವಳಿಯಿಂದ ಇದೇ ದೂರಿನ ಪತ್ರಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ಬರುತ್ತವೆ, ಮತ್ತು ಅನೇಕ ಸಂದರ್ಭಗಳಲ್ಲಿ ಗಡಿಯಾರ ಸೋರುತ್ತಿರುವುದೇ ಇಲ್ಲ.

ಮಳೆಗಾಲದ ಮಂಗಳೂರಿನಲ್ಲಿ ಉಷ್ಣತೆ 27 ಡಿಗ್ರಿ, ತೇವಾಂಶ ಶೇಕಡಾ 90 ಇರುವ ದಿನ ಅಪರೂಪವಲ್ಲ. ಅಂಥ ಗಾಳಿ ಸುಮಾರು 25 ಡಿಗ್ರಿಗೆ ತಣಿದರೆ ಸಾಕು, ಅದರಲ್ಲಿರುವ ಆವಿ ನೀರಾಗತೊಡಗುತ್ತದೆ. ಅಂಗಡಿಯವರು ಬಾಗಿಲು ತೆರೆದ ಅಂಗಡಿಯಲ್ಲಿ ಗಡಿಯಾರದ ಹಿಂಬದಿ ಬಿಚ್ಚಿ, ಸೆಲ್ ಬದಲಿಸಿ, ಮುಚ್ಚಿದಾಗ ಅದೇ ಗಾಳಿಯನ್ನು ಒಳಗೆ ಸೇರಿಸಿ ಮುಚ್ಚಿದ್ದಾರೆ. ನೀವು 20 ಡಿಗ್ರಿಯ ಕೋಣೆಗೆ ಹೋದಾಗ ಗಡಿಯಾರದ ಹಿಂಬದಿ ನಿಮ್ಮ ಮಣಿಕಟ್ಟಿನ ಶಾಖದಿಂದ ಬೆಚ್ಚಗೇ ಇರುತ್ತದೆ, ಗಾಜು ಮಾತ್ರ ತಣ್ಣಗಾಗುತ್ತದೆ. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವಂತೆ ಗಾಜಿನ ಒಳಮೈ ಬೆವರುತ್ತದೆ. ಇದಕ್ಕೆ ಬೇಕಾಗುವ ನೀರು ಎಷ್ಟು ಅಲ್ಪವೆಂದರೆ, ಗಡಿಯಾರದ ಒಳಗೆ ಒಂದು ಘನ ಸೆಂಟಿಮೀಟರ್ ಗಾಳಿ ಇದ್ದರೆ ಅದರಿಂದ 20 ಡಿಗ್ರಿಯಲ್ಲಿ ಹೊರಬೀಳುವುದು ಸುಮಾರು 6 ಮೈಕ್ರೋಗ್ರಾಂ. ಒಂದು ಸಾಧಾರಣ ಹನಿಯ ಸಾವಿರಾರು ಪಾಲಿನಲ್ಲಿ ಒಂದು ಪಾಲು ಅದು. ಕಣ್ಣಿಗೆ ಕಾಣುವಷ್ಟು ಮಂಜು ಕಟ್ಟಲು ಅಷ್ಟೇ ಸಾಕಾಗುತ್ತದೆ.

ಪರಿಹಾರ ಸರಳವಾಗಿದೆ. ಎ.ಸಿ. ಇರುವ ಕಾರ್ಯಾಗಾರಕ್ಕೆ ಒಯ್ದು, ಹಿಂಬದಿ ತೆಗೆಸಿ, ಧೂಳು ಬೀಳದಂತೆ ಮುಚ್ಚಿದ ಡಬ್ಬಿಯಲ್ಲಿ ಒಣ ಸಿಲಿಕಾ ಜೆಲ್ ಜೊತೆ ಕೆಲವು ಗಂಟೆ ಇರಿಸಿ, ಅದೇ ಕೋಣೆಯಲ್ಲಿ ಮುಚ್ಚಿಸಬೇಕು. 24 ಡಿಗ್ರಿ, ಶೇಕಡಾ 50 ತೇವಾಂಶದ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ ಗಾಜು 13 ಡಿಗ್ರಿಗೆ ಇಳಿಯುವವರೆಗೂ ಮಂಜು ಮೂಡುವುದಿಲ್ಲ, ಮತ್ತು ನಿಮ್ಮ ಕಚೇರಿ ಅಷ್ಟು ತಣ್ಣಗಿರಲಾರದು. ಸಿಲಿಕಾ ಜೆಲ್ ಹಳೆಯ ಪೊಟ್ಟಣದ್ದಾಗಿದ್ದರೆ ಅದು ಈಗಾಗಲೇ ತೇವ ಕುಡಿದು ಕುಳಿತಿರುತ್ತದೆ. ಬಿಸಿ ಮಾಡಿ ಒಣಗಿಸಿದ್ದೇ ಆಗಬೇಕು.

ಹೀಗೆ ಮಾಡಿದ ಮೇಲೂ ಕೆಲವು ವಾರಗಳಲ್ಲಿ ಮಂಜು ಮರಳಿ ಬಂದರೆ, ಆಗ ಸೋರಿಕೆ ಇದೆ ಎಂದೇ ತಿಳಿಯಬೇಕು. ಆಗಲೂ ಮೊದಲು ಅನುಮಾನಿಸಬೇಕಾದದ್ದು ಗಾಜನ್ನಲ್ಲ, ಹಿಂಬದಿಯ ಮುಚ್ಚಳದ ರಬ್ಬರ್ ರಿಂಗ್ ಅನ್ನು. ಒತ್ತಿ ಕೂರಿಸುವ ಮುಚ್ಚಳವನ್ನು ಅವಸರದಿಂದ ಅದುಮಿದಾಗ ಅಂಚಿನಲ್ಲಿ ರಿಂಗ್ ಸಿಕ್ಕಿ ಹಿಚುಕಿಹೋಗುವುದು ಸೆಲ್ ಬದಲಿಸುವ ಕೆಲಸದಲ್ಲಿ ಸಾಮಾನ್ಯವಾಗಿ ಕಾಣುವ ದೋಷ. ಸೆಲ್ ಹಾಕಿಸುವಾಗಲೇ ‘ರಿಂಗ್ ಕೂಡ ಹೊಸದು ಹಾಕಿ, ಒತ್ತಡದ ಪರೀಕ್ಷೆ ಮಾಡಿ ಕೊಡಿ’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು. ಹಿಂಬದಿ ಒಮ್ಮೆ ತೆರೆದ ಕ್ಷಣದಿಂದ ಕಾರ್ಖಾನೆ ಕೊರೆದ ಗುರುತಿಗೆ ಬೆಲೆಯಿಲ್ಲ. ಮರಳಿ ಪರೀಕ್ಷಿಸಿದ ಮೇಲಷ್ಟೇ ಆ ಬೆಲೆ ಬರುತ್ತದೆ.

ಪ್ರಶ್ನೆ: ನನ್ನ ಬಳಿ ತಂದೆಯವರು ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಇದೆ. ಓಡುತ್ತದೆ, ಆದರೆ ಬೆವರಿಗೇ ಗಾಜಿನೊಳಗೆ ಆವಿ ಕಾಣುತ್ತದೆ. ಇದನ್ನು ನೀರು ತಡೆಯುವಂತೆ ಮಾಡಿಸಬಹುದೇ? ಡಯಲ್ ಮೇಲೆ ‘ಪ್ಯಾರಾ ಶಾಕ್’ ಎಂದಿದೆ. ಅದು ನೀರಿಗೆ ಸಂಬಂಧಿಸಿದ್ದೇ?
— ನಿವೃತ್ತ ನೌಕರರು, ತುಮಕೂರು

ಉತ್ತರ: ಕೊನೆಯ ಪ್ರಶ್ನೆಯಿಂದ ಆರಂಭಿಸೋಣ. ಪ್ಯಾರಾ ಶಾಕ್ ಎಂಬುದು ಗಡಿಯಾರ ಕೆಳಗೆ ಬಿದ್ದಾಗ ಸಮತೋಲನ ಚಕ್ರದ ಸೂಕ್ಷ್ಮ ತುದಿಗಳು ಮುರಿಯದಂತೆ ಕಾಯುವ ಸ್ಪ್ರಿಂಗ್ ವ್ಯವಸ್ಥೆಯ ಹೆಸರು. ಜಪಾನಿನ ಸಿಟಿಜನ್ ಕಂಪನಿ ಅದನ್ನು 1956ರಲ್ಲಿ ತಂದಿತು. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾದದ್ದು ಅದೇ ಕಂಪನಿಯ ಸಹಯೋಗದಲ್ಲಾದ್ದರಿಂದ ಆ ಹೆಸರು ನಮ್ಮ ಡಯಲ್‌ಗಳಿಗೂ ಬಂತು. ನೀರಿಗೆ ಸಂಬಂಧಿಸಿದಂತೆ ಸಿಟಿಜನ್ 1959ರಲ್ಲಿ ಪ್ಯಾರಾವಾಟರ್ ಎಂಬ ಬೇರೆಯೇ ಗಡಿಯಾರವನ್ನು ಹೊರತಂದಿತ್ತು, ಮತ್ತು ಅದರ ಸಾಮರ್ಥ್ಯವನ್ನು ಸಾರ್ವಜನಿಕರಿಗೆ ತೋರಿಸಲು 1963ರಲ್ಲಿ ಗಡಿಯಾರಗಳನ್ನು ತೇಲುವ ಬೋಯ್‌ಗಳಿಗೆ ಕಟ್ಟಿ ಪೆಸಿಫಿಕ್ ಸಾಗರದಲ್ಲಿ ಬಿಟ್ಟಿತು. ನಿಮ್ಮ ಜನತಾ ಆ ಕುಟುಂಬದ್ದಲ್ಲ. ದಿನವೂ ಕೀ ಕೊಟ್ಟು, ನೀರು ಮುಟ್ಟುವ ಮೊದಲು ಬಿಚ್ಚಿಟ್ಟು ಬಳಸುವ ಗಡಿಯಾರವಾಗಿಯೇ ಅದು ಮನೆಮನೆಗೂ ತಲುಪಿತು.

ಹಾಗಿದ್ದರೂ ಅದರ ಸ್ಥಿತಿಯನ್ನು ಬಹಳಷ್ಟು ಉತ್ತಮಪಡಿಸಬಹುದು. ಗುರಿಯನ್ನು ಮಾತ್ರ ಮೊದಲೇ ನಿರ್ಧರಿಸಿಕೊಳ್ಳಬೇಕು: ಬೆವರು, ತುಂತುರು ಮಳೆ, ಅಕಸ್ಮಾತ್ ಸಿಡಿದ ನೀರು ಇವನ್ನು ತಾಳಿದರೆ ಸಾಕು. ಈಜುಕೊಳಕ್ಕೆ ಅದನ್ನು ಒಯ್ಯಲು ಯಾವ ಕಾರಿಗರು ಒಪ್ಪಿದರೂ ನೀವು ಒಪ್ಪಬೇಡಿ.

ನೀರು ಒಳಹೋಗುವ ದಾರಿಗಳು ಮೂರು: ಗಾಜಿನ ಅಂಚು, ಹಿಂಬದಿಯ ಮುಚ್ಚಳ, ಮತ್ತು ರಿಪೇರಿಯವರು ಕ್ರೌನ್ ಎನ್ನುವ ಕೀ ಗುಂಡಿ. ಈ ಮೂರರಲ್ಲಿ ಕ್ರೌನ್ ಅತ್ಯಂತ ದುರ್ಬಲ, ಏಕೆಂದರೆ ಉಳಿದೆರಡು ಅಲುಗದೆ ಕೂತಿರುತ್ತವೆ, ಇದು ತಿರುಗುತ್ತಲೇ ಇರುತ್ತದೆ. ಸೆಲ್ ಗಡಿಯಾರದ ಕ್ರೌನನ್ನು ವರ್ಷಕ್ಕೆ ಕೆಲವೇ ಬಾರಿ ಮುಟ್ಟುತ್ತೇವೆ. ಕೀ ಕೊಡುವ ಗಡಿಯಾರದಲ್ಲಿ ದಿನವೂ ಹತ್ತಿಪ್ಪತ್ತು ಸುತ್ತು ತಿರುಗಿಸುತ್ತೇವೆ. ಹಳೆಯ ಕ್ರೌನ್ ಒಳಗೆ ರಿಂಗ್ ಇದ್ದಿದ್ದರೂ ಇಷ್ಟರಲ್ಲಿ ಅದು ಸವೆದು ಅಥವಾ ಗಟ್ಟಿಯಾಗಿ ಪುಡಿಯಾಗಿರುತ್ತದೆ. ಒಳಗೆ ರಬ್ಬರ್ ರಿಂಗ್ ಇರುವ, ನಿಮ್ಮ ಕವಚದ ಕೊಳವೆಯ ಹೊರಸುತ್ತಿಗೆ ಮತ್ತು ಕೀ ಕಡ್ಡಿಯ ತಿರುಪಿನ ಎಳೆಗೆ ಸರಿಯಾಗಿ ಹೊಂದುವ ಕ್ರೌನನ್ನು ಹುಡುಕಿಸಿ ಹಾಕಿಸಬೇಕು. ಕೊಳವೆಯೇ ಸವೆದು ಅಂಡಾಕಾರವಾಗಿದ್ದರೆ ಹೊಸ ರಿಂಗ್ ಒಂದು ಬದಿಯಲ್ಲಿ ಮಾತ್ರ ಕಚ್ಚುತ್ತದೆ, ಆದ್ದರಿಂದ ಕೊಳವೆಯನ್ನೂ ಬದಲಿಸಬೇಕಾದೀತು. ತೆಗೆದ ಹಳೆಯ ಕ್ರೌನನ್ನು ಚೀಟಿ ಬರೆದ ಪುಟ್ಟ ಲಕೋಟೆಯಲ್ಲಿ ಹಾಕಿ ಹಿಂತಿರುಗಿಸುವಂತೆ ಕೇಳಿಕೊಳ್ಳಿ. ಎಚ್‌ಎಂಟಿಯ ಮೂಲ ಬಿಡಿಭಾಗಗಳು ಈಗ ಸುಲಭವಾಗಿ ದೊರೆಯುವುದಿಲ್ಲ. ಸವೆದಿದ್ದರೂ ಅದು ನಿಮ್ಮ ತಂದೆಯವರ ಗಡಿಯಾರದ ಭಾಗ.

ಗಾಜಿನ ವಿಷಯಕ್ಕೆ ಬಂದರೆ, ಈ ಕಾಲದ ಗಡಿಯಾರಗಳಲ್ಲಿ ಸಾಮಾನ್ಯವಾಗಿ ಇರುವುದು ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಗಾಜು. ಇದರಲ್ಲಿ ಬೇರೆ ರಿಂಗ್ ಇರುವುದಿಲ್ಲ. ಕವಚದ ತೋಡಿಗಿಂತ ಒಂದಿಷ್ಟು ದೊಡ್ಡದಾದ ಗಾಜನ್ನು ಸುತ್ತಲೂ ಅದುಮಿ ಕಿರಿದಾಗಿಸಿ ಕೂರಿಸಿದಾಗ, ಅದು ಹಿಗ್ಗಿ ಅಂಚಿಗೆ ಕಚ್ಚಿಕೊಳ್ಳುತ್ತದೆ. ವರ್ಷಗಳು ಉರುಳಿದಂತೆ ಈ ಹಿಗ್ಗು ಸಡಿಲವಾಗುತ್ತದೆ, ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡುತ್ತವೆ. ಗೀರುಗಳನ್ನು ಪಾಲಿಶ್ ಮಾಡಿ ತೆಗೆಯಬಹುದು, ಅಂಚಿನ ಬಿರುಕನ್ನು ತೆಗೆಯಲಾಗದು. ಹೊಸ ಗಾಜು ಅಗ್ಗವಾದ್ದರಿಂದ ಬದಲಿಸುವುದೇ ಲೇಸು. ಸರಿಯಾದ ಅಳತೆಯದು ಸಿಗದಾಗ ಸಡಿಲ ಗಾಜನ್ನು ತಕ್ಷಣ ಅಂಟುವ ಗೋಂದಿನಿಂದ ಹಿಡಿಸುವ ಪರಿಪಾಠವಿದೆ. ಇದಕ್ಕೆ ಖಂಡಿತ ಒಪ್ಪಬೇಡಿ. ಆ ಗೋಂದಿನ ಆವಿ ಗಾಜಿನ ಒಳಮೈ ಮತ್ತು ಡಯಲ್ ಮೇಲೆ ಬಿಳಿ ಪದರವಾಗಿ ಕೂರುತ್ತದೆ, ಡಯಲ್ ಕೆಟ್ಟರೆ ಮತ್ತೆ ಸರಿಪಡಿಸುವ ದಾರಿಯಿಲ್ಲ.

ಹಿಂಬದಿಯಲ್ಲಿ ನೋಡಬೇಕಾದದ್ದು ರಿಂಗ್‌ಗಿಂತ ಹೆಚ್ಚಾಗಿ ಅದು ಕೂರುವ ತೋಡು. ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದ ಕವಚವಾಗಿದ್ದರೆ, ಲೇಪನ ಎದ್ದ ಕಡೆ ಬೆವರಿನ ಉಪ್ಪು ಲೋಹವನ್ನು ತಿಂದು ಗುಳಿಗಳನ್ನು ಮಾಡಿರುತ್ತದೆ. ಗುಳಿಯ ಮೇಲೆ ಎಷ್ಟು ಒಳ್ಳೆಯ ರಿಂಗ್ ಕೂರಿಸಿದರೂ ಅಡಿಯಿಂದ ತೇವ ಹಾಯುತ್ತದೆ. ಮೊದಲು ಹಳೆಯ ರಬ್ಬರಿನ ಕಪ್ಪು ಜಿಡ್ಡನ್ನು ಮೆದು ಮರದ ಕಡ್ಡಿಯಿಂದ ಪೂರ್ತಿ ತೆಗೆದು, ಆಲ್ಕೋಹಾಲ್‌ನಿಂದ ಒರೆಸಿ, ಭೂತಗನ್ನಡಿಯಲ್ಲಿ ಸುತ್ತಲೂ ನೋಡಬೇಕು. ಲೋಹದ ಚೂಪು ಸಾಧನದಿಂದ ಕೆರೆದರೆ ಇಲ್ಲದ ಗೀರನ್ನು ನಾವೇ ಮಾಡಿದಂತಾಗುತ್ತದೆ.

ಇಷ್ಟಾದ ಮೇಲೆ ಯಂತ್ರವನ್ನು ಒಳಗೆ ಕೂರಿಸುವ ಮೊದಲೇ ಖಾಲಿ ಕವಚವನ್ನು ಪರೀಕ್ಷಿಸಲು ಕಾರಿಗರನ್ನು ಕೇಳಿ. ಒಳಗೆ ಟಿಶ್ಯೂ ಕಾಗದದ ತುಂಡನ್ನಿಟ್ಟು, ಕ್ರೌನನ್ನು ಅದರ ಜಾಗದಲ್ಲಿ ಕೂರಿಸಿ, ಮುಚ್ಚಿ, ನೀರಿನ ಬಟ್ಟಲಲ್ಲಿ ಒಂದು ಗಂಟೆ ಮುಳುಗಿಸಿ ತೆಗೆದು, ಹೊರಮೈಯನ್ನು ಪೂರ್ತಿ ಒರೆಸಿ ತೆರೆದರೆ ಕಾಗದ ಒಣಗಿರಬೇಕು. ಪುಟ್ಟ ಊರಿನ ಯಾವ ಅಂಗಡಿಯಲ್ಲೂ ಇದನ್ನು ಮಾಡಬಹುದು, ಖರ್ಚಿಲ್ಲ, ಮತ್ತು ಸೋರಿದರೂ ಹಾಳಾಗುವುದು ಕಾಗದ ಮಾತ್ರ. ಇದರಲ್ಲಿ ಗೆದ್ದ ಕವಚದೊಳಕ್ಕೆ ಸ್ವಚ್ಛಗೊಳಿಸಿ ಎಣ್ಣೆ ಹಾಕಿದ ಯಂತ್ರವನ್ನು ಕೂರಿಸಿ, ಅಂಗಡಿಯಲ್ಲಿ ಒತ್ತಡ ಪರೀಕ್ಷಿಸುವ ಸಾಧನವಿದ್ದರೆ 1 ಬಾರ್ ಗಾಳಿಯ ಒತ್ತಡದಲ್ಲಿ ಒಮ್ಮೆ ನೋಡಿದರೆ ಸಾಕು. ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಅಕ್ರಿಲಿಕ್ ಗಾಜು ಬಾಗಿ ಮುಳ್ಳುಗಳಿಗೆ ತಾಗುವ ಸಂಭವವಿದೆ.

ಪ್ರಶ್ನೆ: ನಾನು ಗಡಿಯಾರ ರಿಪೇರಿ ಕಲಿತು ಸ್ವಂತ ಅಂಗಡಿ ತೆರೆದಿದ್ದೇನೆ. ನೀರಿನ ಪರೀಕ್ಷೆಗೆ ಯಂತ್ರ ಕೊಳ್ಳಬೇಕೆಂದಿದ್ದೇನೆ. ಗಾಳಿಯಲ್ಲಿ ಪರೀಕ್ಷಿಸುವುದು, ನೀರಿನಲ್ಲಿ ಪರೀಕ್ಷಿಸುವುದು ಎಂದು ಎರಡು ಬಗೆ ಇದೆಯಂತೆ. ಯಾವುದು ಮೊದಲು? ಗ್ಯಾಸ್ಕೆಟ್‌ಗಳ, ಅಂದರೆ ಸಂದಿ ಮುಚ್ಚುವ ರಿಂಗ್‌ಗಳ ಬಗ್ಗೆಯೂ ತಿಳಿಸಿ.
— ಯುವ ಕಾರಿಗರು, ಹುಬ್ಬಳ್ಳಿ

ಉತ್ತರ: ಈ ಯಂತ್ರವನ್ನು ಕೊಳ್ಳಲು ನೀವು ಯೋಚಿಸಿರುವುದೇ ಸಂತೋಷದ ವಿಷಯ. ಎರಡೂ ಬಗೆ ಬೇಕಾಗುತ್ತವೆ, ಏಕೆಂದರೆ ಒಂದು ಸೋರಿಕೆ ಇದೆಯೇ ಎಂದು ಹೇಳುತ್ತದೆ, ಇನ್ನೊಂದು ಎಲ್ಲಿದೆ ಎಂದು ತೋರಿಸುತ್ತದೆ. ಹಣ ಒಂದಕ್ಕೇ ಇದ್ದರೆ ಕೈಯಿಂದ ಪಂಪ್ ಮಾಡುವ ನೀರಿನ ಯಂತ್ರವನ್ನು ಮೊದಲು ಕೊಳ್ಳಿ. ಅದು ಬಹಳ ಅಗ್ಗ, ಮತ್ತು ನಿಮಗೆ ಕೆಲಸವನ್ನೂ ಕಲಿಸುತ್ತದೆ.

ಅದರ ಬಳಕೆಯ ಕ್ರಮದಲ್ಲಿ ಒಂದು ಹೆಜ್ಜೆ ತಪ್ಪಿದರೂ ಗಿರಾಕಿಯ ಗಡಿಯಾರಕ್ಕೆ ನೀವೇ ನೀರು ತುಂಬಿಸಿದಂತಾಗುವುದರಿಂದ ವಿವರವಾಗಿ ಬರೆಯುತ್ತೇನೆ. ದಪ್ಪ ಪಾರದರ್ಶಕ ಕೊಳವೆಯ ಕೆಳಗಿನ ಅರ್ಧದಲ್ಲಿ ನೀರು, ಮೇಲಿನ ಅರ್ಧದಲ್ಲಿ ಗಾಳಿ ಇರುತ್ತದೆ. ಗಡಿಯಾರವನ್ನು ಮೇಲಿನ ಗಾಳಿಯಲ್ಲಿ ತೂಗುಹಾಕಿ, ಮುಚ್ಚಿ, ಪಂಪ್ ಮಾಡಿ ಉದಾಹರಣೆಗೆ 3 ಬಾರ್‌ಗೆ ಏರಿಸಿ ಕೆಲವು ನಿಮಿಷ ಕಾಯಬೇಕು. ಎಲ್ಲಾದರೂ ಸಂದಿದ್ದರೆ ಈ ಅವಧಿಯಲ್ಲಿ ಒತ್ತಡದ ಗಾಳಿ ಗಡಿಯಾರದೊಳಗೆ ಸೇರುತ್ತದೆ. ಬಳಿಕ ಗಡಿಯಾರವನ್ನು ನೀರಿಗೆ ಇಳಿಸಿ, ಹೊರಮೈಗೆ ಅಂಟಿದ ಗುಳ್ಳೆಗಳನ್ನು ಅಲುಗಿಸಿ ಬಿಡಿಸಿ, ಒತ್ತಡವನ್ನು ಅತಿ ನಿಧಾನವಾಗಿ ಬಿಡುತ್ತಾ ಹೋಗಬೇಕು. ಒಳಗೆ ಸೇರಿದ ಗಾಳಿ ಈಗ ಹೊರಬರಲು ಹವಣಿಸುವುದರಿಂದ, ಸೋರುವ ಜಾಗದಿಂದ ಗುಳ್ಳೆಗಳ ಸಾಲು ಎದ್ದು ಬರುತ್ತದೆ. ಒಂದೆರಡು ಬಿಡಿ ಗುಳ್ಳೆಗಳು ಪಟ್ಟಿಯ ಕೊಂಡಿಯಲ್ಲೋ ಅಂಚಿನಲ್ಲೋ ಸಿಕ್ಕಿದ್ದ ಗಾಳಿಯಾಗಿರಬಹುದು. ಒಂದೇ ಬಿಂದುವಿನಿಂದ ಎಡೆಬಿಡದೆ ಬರುವ ಸಾಲು ಸೋರಿಕೆಯ ಗುರುತು. ಸಾಲು ಕಂಡೊಡನೆ, ಒತ್ತಡ ಇನ್ನೂ ಉಳಿದಿರುವಾಗಲೇ, ಗಡಿಯಾರವನ್ನು ನೀರಿನಿಂದ ಮೇಲಕ್ಕೆ ಎತ್ತಬೇಕು. ಅಲ್ಲಿಯವರೆಗೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದು ನೀರನ್ನು ತಡೆದಿರುತ್ತದೆ; ನೀರಿನೊಳಗೆ ಇರುವಾಗ ಮತ್ತೆ ಪಂಪ್ ಮಾಡಿದರೆ ಅಥವಾ ಒಳಹೊರಗಿನ ಒತ್ತಡ ಸಮವಾಗುವವರೆಗೆ ಹಾಗೆಯೇ ಬಿಟ್ಟರೆ ಆ ರಕ್ಷಣೆ ಉಳಿಯುವುದಿಲ್ಲ.

ಗಾಳಿಯ ಯಂತ್ರ ನೀರನ್ನೇ ಬಳಸುವುದಿಲ್ಲ. ಪುಟ್ಟ ಕೋಶದಲ್ಲಿ ಗಡಿಯಾರವನ್ನಿಟ್ಟು ಮೊದಲು ನಿರ್ವಾತ, ಬಳಿಕ ಒತ್ತಡ ಹಾಕಿದಾಗ, ಸರಿಯಾಗಿ ಮುಚ್ಚಿರುವ ಕವಚ ಕೂದಲೆಳೆಗಿಂತಲೂ ಕಡಿಮೆ ಪ್ರಮಾಣದಲ್ಲಿ ಉಬ್ಬುತ್ತದೆ ಅಥವಾ ತಗ್ಗುತ್ತದೆ, ಮತ್ತು ಹಾಗೆಯೇ ನಿಲ್ಲುತ್ತದೆ. ಗಾಜಿನ ಮೇಲೆ ಕೂತ ಸೂಕ್ಷ್ಮ ಮಾಪಕ ಈ ಚಲನೆಯನ್ನು ಅಳೆಯುತ್ತದೆ. ಕವಚ ಸೋರುತ್ತಿದ್ದರೆ ಒಳಹೊರಗಿನ ಒತ್ತಡ ಸಮವಾಗುತ್ತಾ ಗಾಜು ಮೆಲ್ಲಗೆ ಮೊದಲಿನ ಸ್ಥಾನಕ್ಕೆ ಮರಳುತ್ತದೆ. ದಪ್ಪ ಉಕ್ಕಿನ ಕವಚ ಮತ್ತು ದಪ್ಪ ಗಾಜಿನ ಗಡಿಯಾರಗಳಲ್ಲಿ ಈ ಬಾಗುವಿಕೆ ತೀರ ಕಡಿಮೆಯಾದ್ದರಿಂದ ಯಂತ್ರದ ತೀರ್ಪನ್ನು ಒಂದೇ ಸಲಕ್ಕೆ ನಂಬದೆ ಮತ್ತೊಮ್ಮೆ ನೋಡಬೇಕು. ಒತ್ತಿ ಕೂರಿಸಿದ ಮುಚ್ಚಳ ಮತ್ತು ಅಕ್ರಿಲಿಕ್ ಗಾಜಿನ ಹಳೆಯ ಗಡಿಯಾರಗಳಿಗೆ ಬಲವಾದ ನಿರ್ವಾತ ಹಾಕಬೇಡಿ. ಮುಚ್ಚಳ ಅಥವಾ ಗಾಜು ಕಿತ್ತು ಬರಬಹುದು. ಐಎಸ್‌ಒ 22810ರ ಅಳತೆಗೋಲು ಎಷ್ಟು ಬಿಗಿ ಎಂಬುದು ನಿಮಗೆ ತಿಳಿದಿರಲಿ: 2 ಬಾರ್ ಹೆಚ್ಚುವರಿ ಒತ್ತಡದಲ್ಲಿ ಗಾಳಿಯ ಹರಿವು ನಿಮಿಷಕ್ಕೆ 50 ಮೈಕ್ರೋಗ್ರಾಂ ಮೀರಬಾರದು.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಗಾಳಿಯ ಪರೀಕ್ಷೆ, ಅದರಲ್ಲಿ ಸೋತರೆ ಗಡಿಯಾರದ ಒಳಯಂತ್ರವನ್ನು ಹೊರತೆಗೆದು ಕವಚವನ್ನಷ್ಟೇ ನೀರಿನ ಯಂತ್ರಕ್ಕೆ. ಗಾಳಿಯ ಯಂತ್ರವಿಲ್ಲದೆ ನೀರಿನದನ್ನು ಮಾತ್ರ ಬಳಸುವವರೆಗೆ, ಸೋರಬಹುದೆಂಬ ಅನುಮಾನವಿರುವ ಗಡಿಯಾರವನ್ನು ಒಳಯಂತ್ರ ಸಮೇತ ನೀರಿಗೆ ಇಳಿಸಬೇಡಿ.

ಕೊನೆಯಲ್ಲಿ ಮಂಜಿನ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ. ಗಡಿಯಾರವನ್ನು 40ರಿಂದ 45 ಡಿಗ್ರಿಯ ಬಿಸಿ ತಟ್ಟೆಯ ಮೇಲೆ ಹತ್ತಿಪ್ಪತ್ತು ನಿಮಿಷ ಇರಿಸಿ, ಗಾಜಿನ ನಡುವೆ ಕೋಣೆಯ ಉಷ್ಣತೆಯ ಒಂದು ಹನಿ ನೀರು ಹಾಕಿ, ಒಂದು ನಿಮಿಷದ ಬಳಿಕ ಒರೆಸಿ ನೋಡಿದಾಗ ಒಳಮೈಯಲ್ಲಿ ಮಂಜಿನ ಕಲೆ ಇರಬಾರದು. ಇದೂ ಮಾನದಂಡದಲ್ಲೇ ಇರುವ ಪರೀಕ್ಷೆ. ಒತ್ತಡದ ಪರೀಕ್ಷೆಗೆ ಮೊದಲು ಒಮ್ಮೆ, ನಂತರ ಒಮ್ಮೆ ಮಾಡಿದರೆ ತೇವ ಯಾವಾಗ ಒಳಸೇರಿತು ಎಂಬುದೂ ತಿಳಿಯುತ್ತದೆ.

ಇನ್ನು ಗ್ಯಾಸ್ಕೆಟ್. ಹಿಂಬದಿಯ ರಿಂಗ್‌ಗೆ ನೈಟ್ರೈಲ್ ರಬ್ಬರ್ ಸಾಮಾನ್ಯವಾಗಿ ಸಾಕು. ಬೆಲೆ ಕಡಿಮೆ, ಎಣ್ಣೆಗೆ ಹೆದರುವುದಿಲ್ಲ. ವೈಟಾನ್ ಎಂದು ಮಾರುವ ಫ್ಲೋರೋರಬ್ಬರ್ ದುಬಾರಿ, ಹೆಚ್ಚು ವರ್ಷ ಬಾಳುತ್ತದೆ. ಗಾಜಿನ ಸುತ್ತ ಕೂರುವುದು ಬಹುತೇಕ ನೈಲಾನ್‌ನಂಥ ಗಟ್ಟಿ ಪ್ಲಾಸ್ಟಿಕ್ಕಿನದು, ಗಾಜು ತೆಗೆದಾಗಲೆಲ್ಲ ಅದನ್ನು ಹೊಸದಾಗಿ ಹಾಕಬೇಕು. ಅಳತೆಯಲ್ಲಿ ಒಳವ್ಯಾಸದಷ್ಟೇ ದಪ್ಪವೂ ಮುಖ್ಯ. ಮುಚ್ಚಳ ಬಿಗಿಯಾದಾಗ ರಿಂಗ್ ತನ್ನ ದಪ್ಪದ ಐದನೇ ಒಂದು ಭಾಗದಷ್ಟಾದರೂ ಅದುಮಿಕೊಳ್ಳಬೇಕು, 0.6 ಮಿಲಿಮೀಟರ್ ಬೇಕಾದಲ್ಲಿ 0.5ರದ್ದು ಹಾಕಿದರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದುಮು ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹಳೆಯ ರಿಂಗ್ ಅಳೆದು ಹೊಸದನ್ನು ಆರಿಸಬೇಡಿ, ಏಕೆಂದರೆ ಅದು ಆಗಲೇ ಚಪ್ಪಟೆಯಾಗಿರುತ್ತದೆ. ತೋಡಿನ ಆಳ ಮತ್ತು ಅಗಲವನ್ನು ಅಳೆಯಿರಿ. ಹಾಕುವ ಮೊದಲು ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಗ್ರೀಸ್ ಸಂದಿ ತುಂಬುವ ಮೇಣವಲ್ಲ, ರಿಂಗ್ ತಿರುಚದೆ ಜಾರಿ ಕೂರಲು ಮಾತ್ರ ಇರುವುದು. ರಿಂಗ್ ಸ್ವತಃ ಸಿಲಿಕೋನ್‌ನದ್ದಾಗಿದ್ದರೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ಉಬ್ಬುತ್ತದೆ. ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಕೆಡಿಸುವುದರಿಂದ ಮೇಜಿನ ಮೇಲೇ ಇಡದಿರುವುದು ಉತ್ತಮ.

ಗಿರಾಕಿಗೆ ಬಿಲ್ ಬರೆಯುವಾಗ ಯಾವ ಒತ್ತಡದಲ್ಲಿ, ಯಾವ ದಿನ ಪರೀಕ್ಷಿಸಿದಿರಿ ಎಂದು ನಮೂದಿಸಿ. ‘ವಾಟರ್‌ಪ್ರೂಫ್ ಮಾಡಲಾಗಿದೆ’ ಎಂದು ಬರೆದರೆ ನೀವು ಕೊಡಲಾಗದ ಮಾತನ್ನು ಕೊಟ್ಟಂತೆ. ‘3 ಬಾರ್ ಗಾಳಿಯಲ್ಲಿ ಪರೀಕ್ಷಿಸಲಾಗಿದೆ’ ಎಂಬುದು ನಿಜವಾದ ಮತ್ತು ಸಾಕಾಗುವ ಮಾತು.

ಪ್ರಶ್ನೆ: ಮನೆಯಲ್ಲೇ ಒಂದು ಲೋಟ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಬಹುದೇ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಸೋರಿದರೆ ಗಡಿಯಾರ ಹಾಳು, ಸೋರದಿದ್ದರೆ 10 ಸೆಂಟಿಮೀಟರ್ ನೀರು ತಾಳಿತು ಎಂಬುದಷ್ಟೇ ತಿಳಿಯುತ್ತದೆ. ಮನೆಯಲ್ಲಿ ಮಾಡಬಹುದಾದ ನಿರಪಾಯ ಪರೀಕ್ಷೆ ಎಂದರೆ, ಅರ್ಧ ಗಂಟೆ ಕಟ್ಟಿಕೊಂಡು ಬೆಚ್ಚಗಾದ ಗಡಿಯಾರದ ಗಾಜಿನ ನಡುವೆ ಒಂದು ಹನಿ ತಣ್ಣೀರು ಹಾಕಿ, ನಿಮಿಷದ ಬಳಿಕ ಒರೆಸಿ ಒಳಮೈ ನೋಡುವುದು. ಮಂಜಿದ್ದರೆ ಒಳಗೆ ತೇವವಿದೆ.

ಪ್ರಶ್ನೆ: ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಮಾಡಲು ಹೋಗುತ್ತಿದ್ದೇನೆ. ‘200 ಮೀಟರ್’ ಎಂದಿರುವ ಸೆಕೆಂಡ್‌ಹ್ಯಾಂಡ್ ಗಡಿಯಾರ ಕೊಂಡಿದ್ದೇನೆ. ಕಟ್ಟಿಕೊಂಡು ಹೋಗಬಹುದೇ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಮೊದಲ ಬಾರಿಗೆ ಇಳಿಯುವವರನ್ನು 12 ಮೀಟರ್‌ಗಿಂತ ಆಳಕ್ಕೆ ಒಯ್ಯುವುದಿಲ್ಲವಾದ್ದರಿಂದ ಸುಸ್ಥಿತಿಯಲ್ಲಿರುವ 200 ಮೀಟರ್ ಗಡಿಯಾರಕ್ಕೆ ಅದು ಕಷ್ಟವಲ್ಲ. ಸುಸ್ಥಿತಿಯಲ್ಲಿದೆಯೇ ಎಂಬುದೇ ನಿಮಗೆ ಗೊತ್ತಿಲ್ಲ. ಗಡಿಯಾರದ ಮೇಲೆ ‘ಡೈವರ್ಸ್ 200 ಮೀಟರ್’ ಎಂಬ ಪದವಿದ್ದರೆ ಅದು ಐಎಸ್‌ಒ 6425 ಮಾನದಂಡದ್ದು. ಆ ಮಾನದಂಡದಲ್ಲಿ ಪ್ರತಿಯೊಂದು ಗಡಿಯಾರವನ್ನೂ ಗುರುತಿನ ಒತ್ತಡಕ್ಕಿಂತ ಶೇಕಡಾ 25 ಹೆಚ್ಚಿನ ಒತ್ತಡದಲ್ಲಿ, ಅಂದರೆ 25 ಬಾರ್‌ನಲ್ಲಿ ಪರೀಕ್ಷಿಸಬೇಕು. ಬರಿಯ ‘200 ಮೀಟರ್’ ಎಂದಿದ್ದರೆ ಆ ಕಟ್ಟುಪಾಡಿಲ್ಲ. ಹೇಗೇ ಇದ್ದರೂ ಹಿಂದಿನವರು ಅದನ್ನು ಎಷ್ಟು ಬಾರಿ, ಎಲ್ಲಿ ತೆರೆಸಿದ್ದರೋ ತಿಳಿಯದು. ಹೊರಡುವ ಮೊದಲು ಎಲ್ಲ ಗ್ಯಾಸ್ಕೆಟ್ ಬದಲಿಸಿ 10 ಬಾರ್‌ನಲ್ಲಾದರೂ ಪರೀಕ್ಷೆ ಮಾಡಿಸಿ. ತಿರುಪಿನ ಕ್ರೌನ್ ಇದ್ದರೆ ದೋಣಿಯಲ್ಲಿ ಕೂತಾಗಲೇ ಪೂರ್ತಿ ಬಿಗಿಯಾಗಿದೆಯೇ ನೋಡಿಕೊಳ್ಳಿ. ಮೇಲೆ ಬಂದ ಮೇಲೆ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಒಣಗಿದ ಉಪ್ಪಿನ ಹರಳುಗಳು ಕ್ರೌನ್ ತಿರುಗಿಸಿದಾಗ ರಿಂಗನ್ನು ಉಜ್ಜುತ್ತವೆ. ಪರೀಕ್ಷೆಗೆ ಸಮಯವಿಲ್ಲದಿದ್ದರೆ ಗಡಿಯಾರವನ್ನು ದಡದಲ್ಲೇ ಬಿಡಿ. ನಿಮ್ಮ ಸುರಕ್ಷತೆಯ ಸಮಯವನ್ನು ಹೇಗೂ ಜೊತೆಗಿರುವ ತರಬೇತುದಾರರು ನೋಡಿಕೊಳ್ಳುತ್ತಾರೆ.

ಪ್ರಶ್ನೆ: ತುಂಗಾ ನದಿಯಲ್ಲಿ ಸ್ನಾನ ಮಾಡುವಾಗ ಗಡಿಯಾರದೊಳಗೆ ನೀರು ಹೋಯಿತು. ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎಷ್ಟು ದಿನ ಇಡಬೇಕು?
— ಗೃಹಿಣಿ, ಶೃಂಗೇರಿ

ಉತ್ತರ: ಈಗಲೇ ಹೊರತೆಗೆಯಿರಿ. ನೀರು ಒಳಹೋದ ಸಂದಿ ಎಷ್ಟು ಕಿರಿದೆಂದರೆ ಅದೇ ದಾರಿಯಲ್ಲಿ ಆವಿ ಹೊರಬರಲು ವಾರಗಳು ಬೇಕು, ಉಕ್ಕಿನ ಭಾಗಗಳಿಗೆ ತುಕ್ಕು ಹತ್ತಲು ಒಂದೆರಡು ದಿನ ಸಾಕು. ಅಕ್ಕಿಯ ಹಿಟ್ಟು ಮತ್ತು ಧೂಳು ಕ್ರೌನ್ ಸುತ್ತ ಸೇರುವುದೊಂದೇ ಲಾಭ. ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಊದುವುದೂ ತಪ್ಪು. ಹನಿಯಾಗಿ ಒಂದೆಡೆ ನಿಂತ ನೀರು ಆವಿಯಾಗಿ ಯಂತ್ರದ ಎಲ್ಲ ಮೂಲೆಗೂ ಹರಡುತ್ತದೆ.

ಇಂದೇ ಹತ್ತಿರದ ರಿಪೇರಿಯವರಲ್ಲಿಗೆ ಒಯ್ದು, ಹಿಂಬದಿ ತೆರೆಸಿ, ಸೆಲ್ ಇದ್ದರೆ ತೆಗೆಸಿ, ಒಳಗನ್ನು ಒಣಗಿಸಲು ಹೇಳಿ. ಅಲ್ಲಿಯವರೆಗೆ ಗಾಜು ಕೆಳಮುಖವಾಗಿ ಇಡಬೇಡಿ, ಹನಿ ಡಯಲ್ ಮೇಲೆ ನಿಲ್ಲುತ್ತದೆ. ನದಿಯ ನೀರಾದ್ದರಿಂದ ಒಂದಿಷ್ಟು ಸಮಯ ನಿಮ್ಮ ಕಡೆಗಿದೆ. ಸಮುದ್ರದ ನೀರಾಗಿದ್ದರೆ ಗಂಟೆಗಳ ಲೆಕ್ಕವಾಗುತ್ತಿತ್ತು. ಒಣಗಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರು ಯಾವ ದಾರಿಯಿಂದ ಬಂತು ಎಂಬುದನ್ನು ಹುಡುಕಿ, ಆ ಭಾಗದ ರಿಂಗ್ ಬದಲಿಸಿ, ಒತ್ತಡದಲ್ಲಿ ನೋಡಿದ ಮೇಲೆಯೇ ಗಡಿಯಾರವನ್ನು ಮರಳಿ ಪಡೆಯಿರಿ. ನಿಮ್ಮ ಊರಿನಲ್ಲಿ ಆ ಯಂತ್ರವಿಲ್ಲದಿದ್ದರೆ, ಒಣಗಿಸುವ ಕೆಲಸವನ್ನು ಅಲ್ಲೇ ತಕ್ಷಣ ಮಾಡಿಸಿ, ಪರೀಕ್ಷೆಗೆ ಶಿವಮೊಗ್ಗಕ್ಕೆ ಹೋದಾಗ ಒಯ್ಯಬಹುದು.